ನೆಲದಡಿಯ ಪೈಪಿಗೆ ಲೆಕ್ಕದ ಪುಸ್ತಕದಲ್ಲಿ ಎಷ್ಟು ಬೆಲೆ?

ಮಹಾರಾಷ್ಟ್ರದ ದಾಭೋಲ್‌ನಿಂದ ಹೊರಟು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಯ ಹೊಲಗಳ ಅಡಿಯಲ್ಲಿ ಹಾದು ಬೆಂಗಳೂರು ಮುಟ್ಟುವ ಗೇಲ್ ಕಂಪನಿಯ ಅನಿಲ ಪೈಪ್‌ಲೈನ್ ಸುಮಾರು 1,000 ಕಿಲೋಮೀಟರ್ ಉದ್ದವಿದೆ. 2013ರ ಫೆಬ್ರುವರಿಯಲ್ಲಿ ಅದು ಕೆಲಸ ಶುರುಮಾಡಿದಾಗ ಪ್ರಕಟವಾದ ವೆಚ್ಚ ಸುಮಾರು 4,500 ಕೋಟಿ ರೂಪಾಯಿ. ಇವತ್ತು ಅದರ ಬೆಲೆ ಎಷ್ಟು?

ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲೆ ಉತ್ತರ ನಿಂತಿದೆ. ಹಳೇ ಕಬ್ಬಿಣದ ವ್ಯಾಪಾರಿ ಒಂದು ಬೆಲೆ ಹೇಳುತ್ತಾನೆ. ಇಂಥದ್ದೇ ಇನ್ನೊಂದು ಪೈಪ್ ಹಾಕಬೇಕಾದ ಎಂಜಿನಿಯರು ಹೇಳುವ ಬೆಲೆ ಅದರ ಎಷ್ಟೋ ಪಟ್ಟು. ಅನಿಲ ಹರಿಸಿ ಬಾಡಿಗೆ ಎಣಿಸುವವನದು ಮತ್ತೊಂದು. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಅಚ್ಚಾಗುವ ಬೆಲೆ ಈ ಮೂರರಲ್ಲಿ ಯಾವುದೂ ಅಲ್ಲ. ಆಸ್ತಿಗಳ ಪಟ್ಟಿಯ ಮೊಟ್ಟಮೊದಲ ಸಾಲು ‘ಪ್ರಾಪರ್ಟಿ, ಪ್ಲಾಂಟ್ ಅಂಡ್ ಇಕ್ವಿಪ್‌ಮೆಂಟ್’. ಲೆಕ್ಕದವರು ಅದನ್ನು ಪಿಪಿಇ ಎನ್ನುತ್ತಾರೆ, ಹಳಬರ ಬಾಯಲ್ಲಿ ಈಗಲೂ ಅದು ನೆಟ್ ಬ್ಲಾಕ್. ಜಾಗ, ಕಟ್ಟಡ, ಯಂತ್ರ, ಪೈಪ್ ಎಲ್ಲವೂ ಸೇರಿದ ನಿವ್ವಳ ಮೊತ್ತ ಅದು. ಪೈಪ್‌ಲೈನ್ ಕಂಪನಿಗಳಲ್ಲಿ ಬೇರೆ ಯಾವ ಸಾಲೂ ಇದಕ್ಕಿಂತ ದೊಡ್ಡದಾಗಿರುವುದು ಅಪರೂಪ. ಷೇರು ಕೊಳ್ಳುವವರು, ಸಾಲ ಕೊಡುವವರು, ಪತ್ರಿಕೆಗೆ ಬರೆಯುವವರು ಎಲ್ಲರೂ ಅದನ್ನು ನೋಡಿ ‘ಕಂಪನಿಯ ಬಳಿ ಇಷ್ಟು ಕೋಟಿ ಆಸ್ತಿ ಇದೆ’ ಎಂದುಬಿಡುತ್ತಾರೆ. ಆ ಮಾತಿನಲ್ಲೇ ತಪ್ಪಿದೆ.

ಒಬ್ಬ ರೈತ ಐದು ಲಕ್ಷ ಖರ್ಚುಮಾಡಿ ಕೊಳವೆಬಾವಿ ಕೊರೆಸಿದ ಎನ್ನಿ. ಇಡೀ ಐದು ಲಕ್ಷವನ್ನು ಆ ವರ್ಷದ ಬೆಳೆಯ ಖರ್ಚಿಗೆ ಹಾಕಿದರೆ ಆ ವರ್ಷ ದಿವಾಳಿ, ಮುಂದಿನ ವರ್ಷಗಳೆಲ್ಲ ಸುಳ್ಳೇ ಲಾಭ. ಅದಕ್ಕೆ ಹತ್ತು ಬೆಳೆಗೆ ಹಂಚಿ, ಬೆಳೆಗೆ ಐವತ್ತು ಸಾವಿರದಂತೆ ಹಾಕುತ್ತಾನೆ. ನಾಲ್ಕು ಬೆಳೆ ಆದ ಮೇಲೆ ಅವನ ಪುಸ್ತಕದಲ್ಲಿ ಮೂರು ಲಕ್ಷ ಉಳಿದಿರುತ್ತದೆ. ಅದು ಕೊಳವೆಬಾವಿಯ ಬೆಲೆಯೇ? ಅಲ್ಲ. ಇನ್ನೂ ಬೆಳೆಗಳ ಖಾತೆಗೆ ಹಾಕದೆ ಉಳಿದಿರುವ ಹಳೇ ಖರ್ಚು, ಅಷ್ಟೆ. ನೀರು ಚಿಮ್ಮುತ್ತಿದ್ದರೆ ಆ ಬಾವಿ ಹೊಲದ ಬೆಲೆಯನ್ನೇ ಏರಿಸಿರುತ್ತದೆ; ಬತ್ತಿದ್ದರೆ ಮೂರು ಲಕ್ಷ ಕಾಗದದ ಮೇಲೆ ಮಾತ್ರ. ನೆಟ್ ಬ್ಲಾಕ್ ಕೂಡ ಇಂಥದೇ ಬಾಕಿ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ವಿವರಗಳು.

ಮೂಲಬೆಲೆಯೊಳಗೆ ಏನೇನು ಸೇರುತ್ತದೆ

ಲೆಕ್ಕ ಶುರುವಾಗುವುದು ಗ್ರಾಸ್ ಬ್ಲಾಕ್‌ನಿಂದ, ಅಂದರೆ ಆಸ್ತಿಯನ್ನು ಕೆಲಸಕ್ಕೆ ಸಿದ್ಧಮಾಡಲು ತಗುಲಿದ ಒಟ್ಟು ವೆಚ್ಚದಿಂದ. ಉಕ್ಕಿನ ಪೈಪಿನ ಬೆಲೆ ಇದರಲ್ಲಿ ಒಂದು ಭಾಗ ಮಾತ್ರ. ಪೈಪಿನ ಮೇಲಿನ ಪಾಲಿಥೀನ್ ಲೇಪನ, ಕಂದಕ ತೋಡಿದ ಕೂಲಿ, ಪ್ರತಿ ಬೆಸುಗೆಯ ಎಕ್ಸ್‌ರೇ ಪರೀಕ್ಷೆ, ನದಿ ಮತ್ತು ಹೆದ್ದಾರಿಯ ಅಡಿಯಲ್ಲಿ ಅಡ್ಡಲಾಗಿ ಕೊರೆದು ಪೈಪ್ ಎಳೆದ ಖರ್ಚು, ನಡುನಡುವೆ ಹರಿವನ್ನು ಕಡಿಯುವ ವಾಲ್ವ್ ಕೇಂದ್ರಗಳು, ಒತ್ತಡ ಹೆಚ್ಚಿಸುವ ಕಂಪ್ರೆಸರ್‌ಗಳು, ಅಳತೆಯ ಮೀಟರ್‌ಗಳು, ಪೈಪಿನ ಜೊತೆಜೊತೆಗೇ ಹೂಳುವ ಆಪ್ಟಿಕಲ್ ಫೈಬರ್, ತುಕ್ಕು ಹಿಡಿಯದಂತೆ ಸಣ್ಣ ವಿದ್ಯುತ್ ಹರಿಸುವ ಕ್ಯಾಥೋಡಿಕ್ ರಕ್ಷಣೆ, ಇಷ್ಟೂ ಸೇರುತ್ತವೆ. ಕಾಮಗಾರಿ ನಡೆಯುತ್ತಿದ್ದ ಕಾಲದಲ್ಲಿ ಸಾಲದ ಮೇಲೆ ಕಟ್ಟಿದ ಬಡ್ಡಿಯೂ ಸೇರುತ್ತದೆ.

ಈ ಬಡ್ಡಿಯ ವಿಷಯ ಸ್ವಲ್ಪ ನಿಂತು ನೋಡಬೇಕಾದ್ದು. ಒಂದೇ ಉದ್ದ, ಒಂದೇ ವ್ಯಾಸದ ಎರಡು ಪೈಪ್‌ಗಳಲ್ಲಿ ಒಂದು ಎರಡು ವರ್ಷದಲ್ಲಿ ಮುಗಿದು ಇನ್ನೊಂದು ಆರು ವರ್ಷ ಎಳೆದರೆ, ತಡವಾದದ್ದರ ಗ್ರಾಸ್ ಬ್ಲಾಕೇ ದೊಡ್ಡದಾಗಿ ಕಾಣುತ್ತದೆ. ಹೆಚ್ಚು ‘ಆಸ್ತಿ’ ಇರುವುದು ತಡವಾದದ್ದರಲ್ಲಿ, ಹೆಚ್ಚು ದಕ್ಷತೆ ಇರುವುದು ಬೇಗ ಮುಗಿದದ್ದರಲ್ಲಿ. ಕೆಲಸ ದೀರ್ಘಕಾಲ ನಿಂತುಹೋದರೆ ಆ ಅವಧಿಯ ಬಡ್ಡಿಯನ್ನು ಆಸ್ತಿಗೆ ಸೇರಿಸಬಾರದು, ಲಾಭನಷ್ಟದ ಖಾತೆಗೆ ಹಾಕಬೇಕು ಎಂದು ನಿಯಮವೇನೋ ಇದೆ. ಆದರೆ ಕೆಲಸ ‘ನಿಂತಿದೆ’ಯೋ ‘ನಿಧಾನವಾಗಿದೆ’ಯೋ ಎಂಬ ತೀರ್ಮಾನ ಮೊದಲು ಕಂಪನಿಯದೇ.

ಹೊಲದ ಜಾಗ? ಅದು ಬಹುಮಟ್ಟಿಗೆ ಈ ಸಾಲಿನಲ್ಲಿ ಇರುವುದೇ ಇಲ್ಲ. ನಮ್ಮಲ್ಲಿ ಪೈಪ್‌ಲೈನ್‌ಗಾಗಿ ಭೂಮಿಯನ್ನು ಕೊಂಡುಕೊಳ್ಳುವ ಪದ್ಧತಿಯಿಲ್ಲ. 1962ರ ಪೆಟ್ರೋಲಿಯಂ ಮತ್ತು ಖನಿಜ ಪೈಪ್‌ಲೈನ್ ಕಾಯ್ದೆಯಡಿ ಬಳಕೆಯ ಹಕ್ಕನ್ನು ಮಾತ್ರ ಪಡೆಯುತ್ತಾರೆ. ಪಹಣಿ ರೈತನ ಹೆಸರಿನಲ್ಲೇ ಮುಂದುವರಿಯುತ್ತದೆ. ಕಾಯ್ದೆ ಹೇಳುವ ಪ್ರಕಾರ ಹಕ್ಕಿನ ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ಕಾಮಗಾರಿಯಲ್ಲಿ ಹಾಳಾದ ಬೆಳೆ, ಮರಗಳಿಗೆ ಬೇರೆ. ಆಮೇಲೆ ರೈತ ಅಲ್ಲಿ ರಾಗಿ, ಜೋಳ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಹತ್ತನೇ ಒಂದು ಪಾಲು ಕೊಟ್ಟು ಇಷ್ಟು ಶಾಶ್ವತ ನಿರ್ಬಂಧ ಹೇರುವುದು ನ್ಯಾಯವೇ ಎಂಬ ಜಗಳ ಹಳೆಯದು, ನನ್ನ ಮಟ್ಟಿಗೆ ರೈತರ ಪಕ್ಷವೇ ಸರಿ. ಲೆಕ್ಕದ ಪುಸ್ತಕಕ್ಕೆ ಅದು ಸಂಬಂಧಿಸಿದ್ದಲ್ಲ. ಅಲ್ಲಿ ಈ ಹಕ್ಕು ಕೈಗೆ ಸಿಗದ ಆಸ್ತಿಗಳ ಗುಂಪಿಗೆ, ಪೇಟೆಂಟ್, ಸಾಫ್ಟ್‌ವೇರ್ ಮುಂತಾದವುಗಳ ಸಾಲಿಗೆ ಹೋಗುತ್ತದೆ. ಹಕ್ಕಿಗೆ ಕೊನೆಯ ದಿನಾಂಕವಿಲ್ಲ ಎಂದು ಕಂಪನಿ ತೀರ್ಮಾನಿಸಿದರೆ ಅದನ್ನು ಸವೆಸುವುದೂ ಇಲ್ಲ. ಹೀಗೆ ಉಕ್ಕಿನ ಬೆಲೆ ವರ್ಷವರ್ಷ ಇಳಿಯುತ್ತ ಹೋದರೂ ಅದು ಮಲಗಿರುವ ದಾರಿಯ ಹಕ್ಕು ಹಾಗೇ ಉಳಿಯುತ್ತದೆ. ಹಳೇ ಪೈಪ್ ಕಿತ್ತು ಅದೇ ದಾರಿಯಲ್ಲಿ ಹೊಸದನ್ನು ಹಾಕುವ ಕಂಪನಿಗೆ ಈ ಹಕ್ಕು ಎಂಥ ಬಂಡವಾಳ ಎಂಬುದು, ಹೊಸ ದಾರಿ ಹುಡುಕುವವರನ್ನು ಕೇಳಿದರೆ ಗೊತ್ತಾಗುತ್ತದೆ.

ಇನ್ನೊಂದು ವಿಚಿತ್ರವಿದೆ. ಪೈಪಿನಲ್ಲಿ ಅನಿಲ ಹರಿಯಬೇಕಾದರೆ ಅದರೊಳಗೆ ಒಂದಿಷ್ಟು ಅನಿಲ ಯಾವಾಗಲೂ ಒತ್ತಡದಲ್ಲಿ ತುಂಬಿರಬೇಕು. ಇದಕ್ಕೆ ಲೈನ್‌ಪ್ಯಾಕ್ ಎನ್ನುತ್ತಾರೆ. ತೈಲದ ಪೈಪಿನಲ್ಲಾದರೆ ಲೈನ್‌ಫಿಲ್. ಪೈಪ್ ಬದುಕಿರುವ ತನಕ ಅದನ್ನು ಹೊರತೆಗೆದು ಮಾರುವಂತಿಲ್ಲ. ಹಾಗಾದರೆ ಅದು ಮಾರಾಟದ ಸರಕೋ, ಯಂತ್ರದ ಭಾಗವೋ? ಕೆಲವು ಕಂಪನಿಗಳು ಸ್ಥಿರಾಸ್ತಿಯಲ್ಲಿ ಸೇರಿಸುತ್ತವೆ, ಕೆಲವು ದಾಸ್ತಾನಿನಲ್ಲೇ ಇಡುತ್ತವೆ. ಎರಡು ಕಂಪನಿಗಳನ್ನು ಹೋಲಿಸುವ ಮೊದಲು ಲೆಕ್ಕಪತ್ರ ನೀತಿಯ ಪುಟದಲ್ಲಿ ಇದನ್ನೊಂದು ಸಲ ನೋಡಿಕೊಳ್ಳುವುದು ಒಳ್ಳೆಯದು.

ಹರಿಯಲಿ, ಹರಿಯದಿರಲಿ, ಸವಕಳಿ ನಿಲ್ಲದು

ಕೊಳವೆಬಾವಿಯ ರೈತ ಬೆಳೆಬೆಳೆಗೆ ಹಾಕಿದ ಪಾಲಿನಂಥದ್ದೇ ಸವಕಳಿ; ಮೂಲಬೆಲೆಯಿಂದ ಇಲ್ಲಿಯ ತನಕ ಹಾಕಿದ ಸವಕಳಿಯನ್ನೆಲ್ಲ ಕಳೆದರೆ ನಿವ್ವಳ ಸಿಗುತ್ತದೆ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿ ತೈಲ ಮತ್ತು ಅನಿಲದ ಪೈಪ್‌ಲೈನಿಗೆ 30 ವರ್ಷ ಆಯಸ್ಸು ಕೊಟ್ಟಿದೆ. ಕೊನೆಯಲ್ಲಿ ಉಳಿಯುವ ಗುಜರಿ ಬೆಲೆ ಸಾಮಾನ್ಯವಾಗಿ ಮೂಲಬೆಲೆಯ ಶೇ 5ಕ್ಕಿಂತ ಹೆಚ್ಚಿರಬಾರದು ಎಂದೂ ಹೇಳಿದೆ. ಬೇರೆ ಆಯಸ್ಸು ಹಿಡಿಯುವ ಕಂಪನಿ ತಾಂತ್ರಿಕ ಕಾರಣ ಕೊಟ್ಟು ಅದನ್ನು ಬಹಿರಂಗವಾಗಿ ಹೇಳಬೇಕು.

ದಾಭೋಲ್–ಬೆಂಗಳೂರು ಪೈಪಿನ ಅಂಕಿಯನ್ನೇ ಒಂದು ಅಂದಾಜು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇದು ಗೇಲ್‌ನ ಪುಸ್ತಕದಲ್ಲಿರುವ ನಿಜವಾದ ಅಂಕಿಯಲ್ಲ, ಲೆಕ್ಕದ ದಾರಿ ತೋರಿಸುವುದಕ್ಕೆ ಮಾತ್ರ. ಇಡೀ 4,500 ಕೋಟಿ ಪೈಪಿಗೇ ಹೋಯಿತು, ಪ್ರತಿವರ್ಷ ಸಮಾನ ಸವಕಳಿ ಎಂದುಕೊಳ್ಳಿ. ಶೇ 5 ಅಂದರೆ 225 ಕೋಟಿ ಗುಜರಿ ಬೆಲೆ ಬದಿಗಿಟ್ಟರೆ 4,275 ಕೋಟಿ ಉಳಿಯಿತು. ಮೂವತ್ತರಿಂದ ಭಾಗಿಸಿದರೆ ವರ್ಷಕ್ಕೆ 142.5 ಕೋಟಿ, ದಿನಕ್ಕೆ ಸುಮಾರು 39 ಲಕ್ಷ ರೂಪಾಯಿ. ಹನ್ನೆರಡು ವರ್ಷ ಕಳೆದ ಮೇಲೆ ಒಟ್ಟು ಸವಕಳಿ 1,710 ಕೋಟಿ, ನಿವ್ವಳ 2,790 ಕೋಟಿ.

ದಿನಕ್ಕೆ 39 ಲಕ್ಷ ಎನ್ನುವುದನ್ನು ಮರೆಯಬೇಡಿ. ಪೈಪ್ ಬಳಕೆಗೆ ಸಿದ್ಧವಾದ ದಿನದಿಂದಲೇ ಸವಕಳಿ ಶುರು. ಅದರೊಳಗೆ ಎಷ್ಟು ಅನಿಲ ಹರಿಯುತ್ತದೆ ಎಂಬುದನ್ನು ಈ ವಿಧಾನ ಕೇಳುವುದಿಲ್ಲ. ಬೆಂಗಳೂರು ಪೈಪ್‌ಲೈನಿನ ಸಾಮರ್ಥ್ಯ ದಿನಕ್ಕೆ 1.6 ಕೋಟಿ ಘನ ಮೀಟರ್. ಆರಂಭದ ವರ್ಷಗಳಲ್ಲಿ ಹರಿದದ್ದು ಅದರ ಸಣ್ಣದೊಂದು ಪಾಲು. ಅನಿಲ ಬಂದರೂ ಕೊಳ್ಳುವವರು ಸಿದ್ಧರಿರಲಿಲ್ಲ. ಮನೆಮನೆಗೆ ಅನಿಲ ಕೊಡುವ ನಗರದ ಜಾಲ ಹಬ್ಬಲು ಸಮಯ ಹಿಡಿಯಿತು, ಯಲಹಂಕದ 370 ಮೆಗಾವಾಟ್ ಅನಿಲ ವಿದ್ಯುತ್ ಸ್ಥಾವರ ಉದ್ಘಾಟನೆಯಾದದ್ದೇ 2024ರಲ್ಲಿ. ನಿವ್ವಳ ಆಸ್ತಿಯ ಅಂಕಿ ನೋಡಿದವನಿಗೆ ಈ ಕಥೆಯ ಒಂದಕ್ಷರವೂ ಕಾಣುವುದಿಲ್ಲ. ತುಂಬಿ ಹರಿಯುವ ಪೈಪಿಗೂ ಅರೆಖಾಲಿ ಪೈಪಿಗೂ ವರ್ಷದ ಸವಕಳಿ ಒಂದೇ. ಅದಕ್ಕೇ ಪೈಪ್‌ಲೈನ್ ಕಂಪನಿಯ ವರದಿಯಲ್ಲಿ ಪಿಪಿಇ ಓದಿದ ಕೂಡಲೇ ಹುಡುಕಬೇಕಾದದ್ದು ಸಾಮರ್ಥ್ಯದಲ್ಲಿ ಶೇಕಡಾ ಎಷ್ಟು ಬಳಕೆಯಾಗಿದೆ ಎಂಬ ಅಂಕಿಯನ್ನು. ಅದು ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ಇರುವುದಿಲ್ಲ, ಆಡಳಿತ ಮಂಡಳಿಯ ವರದಿಯಲ್ಲೋ ಹೂಡಿಕೆದಾರರಿಗೆ ಕೊಡುವ ಪ್ರಸ್ತುತಿಯಲ್ಲೋ ಇರುತ್ತದೆ.

ಈಗ ಒಂದು ಚಮತ್ಕಾರ. ಇದೇ ಕಾಲ್ಪನಿಕ ಪೈಪ್ ಸವಕಳಿ ಕಳೆದು ವರ್ಷಕ್ಕೆ 250 ಕೋಟಿ ಗಳಿಸುತ್ತದೆ, ಏರಿಕೆಯೂ ಇಲ್ಲ ಇಳಿಕೆಯೂ ಇಲ್ಲ ಎಂದುಕೊಳ್ಳಿ. ಮೊದಲ ದಿನದ 4,500 ಕೋಟಿಯ ಮೇಲೆ ಅದು ಶೇ 5.6ರ ಪ್ರತಿಫಲ, ಬ್ಯಾಂಕ್ ಠೇವಣಿಯ ಮಟ್ಟ. ಹನ್ನೆರಡು ವರ್ಷದ ನಂತರ 2,790 ಕೋಟಿಯ ಮೇಲೆ ಶೇ 9. ಇಪ್ಪತ್ತನಾಲ್ಕು ವರ್ಷದ ನಂತರ ನಿವ್ವಳ 1,080 ಕೋಟಿಗೆ ಇಳಿದಿರುತ್ತದೆ. ಅದೇ 250 ಕೋಟಿ ಈಗ ಶೇ 23 ಆಗಿ ಹೊಳೆಯುತ್ತದೆ. ಕಂಪನಿ ಏನೂ ಮಾಡಲಿಲ್ಲ. ವಯಸ್ಸಾಯಿತು, ಅಷ್ಟೆ. ‘ಬಂಡವಾಳದ ಮೇಲಿನ ಪ್ರತಿಫಲ ಸತತ ಏರಿಕೆ’ ಎಂಬ ಶೀರ್ಷಿಕೆ ನೋಡಿದಾಗ ಛೇದದಲ್ಲಿರುವ ಆಸ್ತಿ ಮುದಿಯಾಗಿದೆಯೇ ಎಂದು ನೋಡಬೇಕಾದದ್ದು ಇದಕ್ಕೇ.

ಆಯಸ್ಸಿನ ಅಂದಾಜನ್ನು ಬದಲಿಸುವ ಅಧಿಕಾರ ಕಂಪನಿಗಿದೆ, ಪ್ರತಿವರ್ಷ ಮರುಪರಿಶೀಲಿಸಬೇಕು ಎಂದೇ ಲೆಕ್ಕಪತ್ರ ಮಾನದಂಡ ಹೇಳುತ್ತದೆ. 25 ವರ್ಷ ಹಿಡಿದಿದ್ದವರು 30ಕ್ಕೆ ಏರಿಸಿದರೆ ವರ್ಷದ ಸವಕಳಿ ಇಳಿದು ಲಾಭ ಏರುತ್ತದೆ, ಖಜಾನೆಗೆ ಮಾತ್ರ ಹೊಸದಾಗಿ ಒಂದು ರೂಪಾಯಿಯೂ ಬಂದಿರುವುದಿಲ್ಲ. ಹೀಗೆ ಬದಲಿಸಿದ್ದರೆ ಅದರ ಪರಿಣಾಮ ಎಷ್ಟು ಎಂಬುದನ್ನು ಟಿಪ್ಪಣಿಯಲ್ಲಿ ಹೇಳಲೇಬೇಕು. ಓದುವವರು ಕಡಿಮೆ, ಅಷ್ಟೆ.

ಪೈಪಿನ ನಿಜವಾದ ಆರೋಗ್ಯಕ್ಕೂ ಈ ವೇಳಾಪಟ್ಟಿಗೂ ನೆಂಟಸ್ತಿಕೆ ಕಡಿಮೆ. ಲೇಪನ, ಕ್ಯಾಥೋಡಿಕ್ ರಕ್ಷಣೆ ಚೆನ್ನಾಗಿದ್ದು, ಒಳಗೆ ಹರಿಯುವ ಅನಿಲ ಒಣಗಿದ್ದರೆ ಪೈಪ್ ಕಾಗದದ ಆಯಸ್ಸನ್ನು ದಾಟಿ ಬಹಳ ವರ್ಷ ಬಾಳುತ್ತದೆ. 1977ರಲ್ಲಿ ಶುರುವಾದ ಅಲಾಸ್ಕಾದ ತೈಲ ಪೈಪ್ ಈಗಲೂ ಕೆಲಸ ಮಾಡುತ್ತಿದೆ. ಇದಕ್ಕೆ ವ್ಯತಿರಿಕ್ತವಾಗಿ 2014ರ ಜೂನ್ 27ರಂದು ಆಂಧ್ರದ ನಗರಂ ಗ್ರಾಮದಲ್ಲಿ ಸ್ಫೋಟಗೊಂಡ ಅನಿಲ ಪೈಪಿನಲ್ಲಿ ನೀರಿನಂಶದಿಂದ ಒಳಗೇ ತುಕ್ಕು ಹಿಡಿದಿತ್ತು. 20ಕ್ಕೂ ಹೆಚ್ಚು ಜನ ಸತ್ತರು. ತುಕ್ಕನ್ನು ಕಾಣುವುದು ಪೈಪಿನೊಳಗೆ ಓಡಿಸುವ ‘ಪಿಗ್’ ಎಂಬ ತಪಾಸಣೆ ಯಂತ್ರ, ಲೆಕ್ಕಪರಿಶೋಧಕನಲ್ಲ. ಎಷ್ಟು ಕಿಲೋಮೀಟರ್ ತಪಾಸಣೆಯಾಯಿತು, ಎಷ್ಟು ಉದ್ದ ಬದಲಾಯಿಸಿದರು ಎಂಬ ಮಾತು ವಾರ್ಷಿಕ ವರದಿಯಲ್ಲಿ ಎಲ್ಲಿದ್ದರೂ ಹುಡುಕಿ ಓದಿ.

ಟಿಪ್ಪಣಿಯ ಕೋಷ್ಟಕವನ್ನು ಓದುವ ಬಗೆ

ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದು ಒಂದೇ ಅಂಕಿ. ಅದರ ಪಕ್ಕದ ಟಿಪ್ಪಣಿ ಸಂಖ್ಯೆ ಹಿಡಿದು ಹೋದರೆ ಒಂದು ದೊಡ್ಡ ಕೋಷ್ಟಕ ಸಿಗುತ್ತದೆ. ಅಡ್ಡಸಾಲುಗಳಲ್ಲಿ ಭೂಮಿ, ಕಟ್ಟಡ, ಪ್ಲಾಂಟ್ ಮತ್ತು ಯಂತ್ರ, ಪೈಪ್‌ಲೈನ್, ವಾಹನ. ಕಂಬಸಾಲುಗಳಲ್ಲಿ ವರ್ಷಾರಂಭದ ಮೊತ್ತ, ಸೇರ್ಪಡೆ, ಮಾರಿದ್ದು ಅಥವಾ ಕಿತ್ತುಹಾಕಿದ್ದು, ವರ್ಷದ ಸವಕಳಿ, ವರ್ಷಾಂತ್ಯದ ನಿವ್ವಳ. ಇಡೀ ವರದಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಇದು, ಇಲ್ಲಿ ವಿಶೇಷಣಗಳಿಗೆ ಜಾಗವಿಲ್ಲ.

ಮೊದಲು ಸೇರ್ಪಡೆಯನ್ನೂ ವರ್ಷದ ಸವಕಳಿಯನ್ನೂ ಪಕ್ಕಪಕ್ಕ ಇಡಿ. ಸೇರ್ಪಡೆ ಹಲವು ವರ್ಷ ಸವಕಳಿಗಿಂತ ಕಡಿಮೆ ಇದ್ದರೆ ಕಂಪನಿ ಬೆಳೆಯುತ್ತಿಲ್ಲ, ಇದ್ದದ್ದನ್ನು ದುಡಿಸಿಕೊಳ್ಳುತ್ತಿದೆ. ಅದು ತಪ್ಪೇನಲ್ಲ, ಒಳ್ಳೆಯ ಲಾಭಾಂಶ ಕೊಡುವ ಕಂಪನಿಗಳು ಹಾಗಿರುವುದುಂಟು. ಆದರೆ ಹಳೇ ಪೈಪ್‌ಗಳನ್ನು ಬದಲಾಯಿಸುವ ಕಾಲ ಹತ್ತಿರವಾಗಿದ್ದರೆ ಮುಂದೆ ದೊಡ್ಡ ಖರ್ಚು ಕಾದಿದೆ. ಸೇರ್ಪಡೆ ಸವಕಳಿಗಿಂತ ಬಹಳ ಹೆಚ್ಚಿದ್ದರೆ ಅದರಲ್ಲಿ ಹೊಸ ಪೈಪ್ ಎಷ್ಟು, ಹಳೆಯದರ ದುರಸ್ತಿಯನ್ನೇ ಆಸ್ತಿಯೆಂದು ಬರೆದದ್ದು ಎಷ್ಟು ಎಂಬ ಪ್ರಶ್ನೆ ಹುಟ್ಟುತ್ತದೆ. ಲೇಪನ ಹಾಳಾದ ಕಡೆ ತೇಪೆ ಹಾಕಿದರೆ ಅದು ಆ ವರ್ಷದ ಖರ್ಚು. ಐದು ಕಿಲೋಮೀಟರ್ ಪೈಪನ್ನೇ ಬದಲಿಸಿದರೆ ಅದು ಹೊಸ ಆಸ್ತಿ, ಜೊತೆಗೆ ಕಿತ್ತುಹಾಕಿದ ಭಾಗದ ಉಳಿದ ಬಾಕಿಯನ್ನು ಪುಸ್ತಕದಿಂದ ತೆಗೆಯಬೇಕು. ಇವೆರಡರ ನಡುವೆ ಬೂದುಬಣ್ಣದ ಜಾಗ ಬೇಕಾದಷ್ಟಿದೆ.

ಆಸ್ತಿಯ ವಯಸ್ಸನ್ನು ಅಳೆಯಲು ಓದುಗರು ಬಳಸುವ ಸುಲಭದ ಉಪಾಯವೆಂದರೆ ಒಟ್ಟು ಸವಕಳಿಯನ್ನು ಗ್ರಾಸ್ ಬ್ಲಾಕ್‌ನಿಂದ ಭಾಗಿಸುವುದು. ಶೇ 70 ಬಂದರೆ ಮುದಿ, ಶೇ 20 ಬಂದರೆ ಹರೆಯ. ಭಾರತದಲ್ಲಿ ಇಲ್ಲೊಂದು ಗುಂಡಿ ಇದೆ. ದೊಡ್ಡ ಕಂಪನಿಗಳು ಇಂಡ್ ಎಎಸ್ ಎಂಬ ಹೊಸ ಲೆಕ್ಕಪತ್ರ ಮಾನದಂಡಕ್ಕೆ ಬದಲಾದಾಗ, ಬದಲಾವಣೆಯ ದಿನ ಪುಸ್ತಕದಲ್ಲಿದ್ದ ನಿವ್ವಳವನ್ನೇ ಹೊಸ ಮೂಲಬೆಲೆ ಎಂದು ಹಿಡಿಯಲು ಅವಕಾಶವಿತ್ತು. ಮೊದಲ ಸುತ್ತಿನ ಕಂಪನಿಗಳಿಗೆ ಆ ದಿನ 2015ರ ಏಪ್ರಿಲ್ 1. ಅನೇಕ ಕಂಪನಿಗಳು ಅದನ್ನೇ ಆರಿಸಿಕೊಂಡವು. ಎಂಬತ್ತರ ದಶಕದಲ್ಲಿ 100 ಕೋಟಿಗೆ ಹಾಕಿ, ಸವೆದು 10 ಕೋಟಿಗೆ ಬಂದಿದ್ದ ಪೈಪ್ ಅವತ್ತು 10 ಕೋಟಿ ಮೂಲಬೆಲೆಯ, ಶೂನ್ಯ ಸವಕಳಿಯ ಆಸ್ತಿಯಾಗಿ ಮರುಹುಟ್ಟು ಪಡೆಯಿತು. ಮುದುಕನ ಕೈಗೆ ಹೊಸ ಜನನಪತ್ರ ಸಿಕ್ಕಿತು. ಅಂಥ ಕಂಪನಿಯಲ್ಲಿ ಮೇಲಿನ ಭಾಗಾಕಾರ ಮಾಡಿದರೆ ಆಸ್ತಿಗಳೆಲ್ಲ ಇರುವುದಕ್ಕಿಂತ ಎಳೆಯವಾಗಿ ಕಾಣುತ್ತವೆ. ಕೋಷ್ಟಕದ ಕೆಳಗಿನ ಸಣ್ಣಕ್ಷರದಲ್ಲಿ ‘ಡೀಮ್ಡ್ ಕಾಸ್ಟ್’ (ಹೀಗೆ ಹಿಡಿದ ಹೊಸ ಮೂಲಬೆಲೆ) ಎಂಬ ಮಾತು ಕಂಡರೆ 2015ಕ್ಕೆ ಹಿಂದಿನ ವಾರ್ಷಿಕ ವರದಿಯೊಂದನ್ನು ಇಳಿಸಿಕೊಂಡು ನೋಡದೆ ವಯಸ್ಸಿನ ಬಗ್ಗೆ ಮಾತಾಡಬೇಡಿ.

ಪಿಪಿಇಯ ಕೆಳಗೇ ಇನ್ನೊಂದು ಸಾಲಿರುತ್ತದೆ, ‘ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್’. ಇನ್ನೂ ಮುಗಿಯದ ಕಾಮಗಾರಿಗೆ ಸುರಿದ ಹಣ. ಇದಕ್ಕೆ ಸವಕಳಿಯೂ ಇಲ್ಲ, ಇದರಿಂದ ಗಳಿಕೆಯೂ ಇಲ್ಲ. ಕೊಚ್ಚಿಯಿಂದ ಕೂಟ್ಟನಾಡ್ ಮೂಲಕ ಒಂದು ಕವಲು ಮಂಗಳೂರಿಗೂ ಇನ್ನೊಂದು ಬೆಂಗಳೂರಿಗೂ ಬರಬೇಕಾದ ಗೇಲ್ ಯೋಜನೆಯನ್ನೇ ನೋಡಿ. ಸುಮಾರು 450 ಕಿಲೋಮೀಟರಿನ ಕೊಚ್ಚಿ–ಮಂಗಳೂರು ಪೈಪ್ ಉದ್ಘಾಟನೆಯಾದದ್ದು 2021ರ ಜನವರಿ 5ರಂದು. ತಮಿಳುನಾಡಿನ ಮೂಲಕ ಬರುವ ಬೆಂಗಳೂರಿನ ಕವಲಿಗೆ ಅಲ್ಲಿನ ರೈತರ ವಿರೋಧ ಎದುರಾಯಿತು, ಹೊಲ ಬಿಟ್ಟು ಹೆದ್ದಾರಿ ಪಕ್ಕದಲ್ಲಿ ಹಾಕಿ ಎಂದು 2013ರಲ್ಲಿ ರಾಜ್ಯ ಸರ್ಕಾರವೇ ಹೇಳಿತು, ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿ 2016ರಲ್ಲಿ ಗೇಲ್ ಪರ ತೀರ್ಮಾನವಾಯಿತು. ಇಂಥ ಯೋಜನೆಗಳಿಗೆ ಕೊಂಡಿಟ್ಟ ಪೈಪ್, ಕೊಟ್ಟ ಮುಂಗಡಗಳೆಲ್ಲ ವರ್ಷಗಟ್ಟಲೆ ಗಳಿಕೆಯಿಲ್ಲದೆ ಕೂರುತ್ತವೆ. ಒಂದು ಸಮಾಧಾನವಿದೆ. ಕಂಪನಿ ಕಾಯ್ದೆಯ ಅನುಸೂಚಿಗೆ 2021ರಲ್ಲಿ ತಂದ ತಿದ್ದುಪಡಿಯ ನಂತರ ಮುಗಿಯದ ಕಾಮಗಾರಿಯ ಹಣ ಎಷ್ಟು ಹಳೆಯದು ಎಂಬುದನ್ನು ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು, ಮೂರಕ್ಕೂ ಮೇಲ್ಪಟ್ಟದ್ದು ಎಂದು ವಿಂಗಡಿಸಿ ಕಂಪನಿಗಳು ತೋರಿಸಲೇಬೇಕು. ಗಡುವು ಮೀರಿದ, ವೆಚ್ಚ ಮೀರಿದ ಯೋಜನೆಗಳನ್ನೂ ಹೇಳಬೇಕು. ಮೂರು ವರ್ಷಕ್ಕೂ ಮೇಲ್ಪಟ್ಟ ಕಾಲಂ ದಪ್ಪಗಿದ್ದರೆ ಮೊದಲು ಅಲ್ಲಿಗೆ ಬೆರಳಿಡಿ.

ಬಾಕಿಗೂ ಬೆಲೆಗೂ ಇರುವ ಅಂತರ

ನಿವ್ವಳವನ್ನು ಒಮ್ಮೆಲೇ ಕತ್ತರಿಸಬೇಕಾದ ಸಂದರ್ಭವೂ ಬರುತ್ತದೆ. ಆಸ್ತಿಯಿಂದ ಮುಂದೆ ಬರಬಹುದಾದ ಹಣದ ಇಂದಿನ ಮೌಲ್ಯವಾಗಲಿ, ಮಾರಿದರೆ ಬರುವ ಹಣವಾಗಲಿ, ಎರಡರಲ್ಲಿ ಹೆಚ್ಚಿನದು ಪುಸ್ತಕದ ಬಾಕಿಗಿಂತ ಕಡಿಮೆಯಾದರೆ ವ್ಯತ್ಯಾಸವನ್ನು ನಷ್ಟವೆಂದು ಬರೆಯಬೇಕು. ಪೈಪಿನ ವಿಷಯದಲ್ಲಿ ಮಾರಿ ಬರುವ ಹಣ ಬಹುತೇಕ ನೆಪಕ್ಕೆ ಮಾತ್ರ. ಅಗೆದು ತೆಗೆಯುವ ಖರ್ಚೇ ಉಕ್ಕಿನ ಬೆಲೆಯನ್ನು ನುಂಗಬಹುದು. ಹಾಗಾಗಿ ಪೈಪಿನ ಬೆಲೆಯೆಲ್ಲ ಎರಡು ತುದಿಗಳಲ್ಲಿದೆ: ಒಂದು ಕಡೆ ಕೊಡುವವರು, ಇನ್ನೊಂದು ಕಡೆ ಕೊಳ್ಳುವವರು. ಒಂದು ತುದಿ ಹೋದರೆ ನಡುವಿನ ಉಕ್ಕು ಎಷ್ಟೇ ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಇದಕ್ಕೆ ನಮ್ಮ ಮಲೆನಾಡಿನಲ್ಲೇ ಉದಾಹರಣೆ ಇದೆ. ಕುದುರೆಮುಖದ ಗಣಿಯಿಂದ ಮಂಗಳೂರಿನ ಪಣಂಬೂರಿಗೆ ಅದಿರನ್ನು ನೀರಿನಲ್ಲಿ ಕಲಸಿ ಹರಿಸುತ್ತಿದ್ದ 67 ಕಿಲೋಮೀಟರ್ ಕೊಳವೆ ಮಾರ್ಗ. 2002ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಪಣಂಬೂರಿನ ಪೆಲೆಟ್ ಕಾರ್ಖಾನೆಗೆ ಬೇರೆಡೆಯಿಂದ ಅದಿರು ತರಿಸಬಹುದಿತ್ತು, ತರಿಸಿದರು. ಕೊಳವೆಯನ್ನು ಬೇರೆಡೆಗೆ ತಿರುಗಿಸುವಂತಿರಲಿಲ್ಲ. ಇನ್ನೂ ಹುಟ್ಟುವ ಮೊದಲೇ ಸತ್ತ ಪೈಪ್ ನೋಡಬೇಕಾದರೆ ಕೆನಡಾದ ಟಿಸಿ ಎನರ್ಜಿಯ ಕೀಸ್ಟೋನ್ ಎಕ್ಸ್‌ಎಲ್ ಇದೆ. 2021ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಮೆರಿಕದ ಅಧ್ಯಕ್ಷ ಜೋ ಬೈಡನ್ ಅದರ ಅನುಮತಿ ರದ್ದುಮಾಡಿದರು. ಆ ತ್ರೈಮಾಸಿಕದಲ್ಲೇ ಕಂಪನಿ ತೆರಿಗೆ ಕಳೆದು ಸುಮಾರು 220 ಕೋಟಿ ಕೆನಡಿಯನ್ ಡಾಲರ್ ನಷ್ಟ ಬರೆಯಿತು, ಜೂನ್‌ನಲ್ಲಿ ಯೋಜನೆಯನ್ನೇ ಕೈಬಿಟ್ಟಿತು.

ಬಾಕಿಗೂ ಬೆಲೆಗೂ ಎಷ್ಟು ದೂರ ಇರಬಹುದು ಎಂಬುದನ್ನು ನ್ಯಾಯಾಲಯದಲ್ಲೇ ಅಳೆದುನೋಡಿದ ಪ್ರಕರಣ ಅಲಾಸ್ಕಾದ್ದು. ಸುಮಾರು 1,300 ಕಿಲೋಮೀಟರ್ ಉದ್ದ, 48 ಅಂಗುಲ ವ್ಯಾಸದ ಆ ಪೈಪ್ 1977ರಲ್ಲಿ ಮುಗಿದಾಗ ಸುಮಾರು 800 ಕೋಟಿ ಡಾಲರ್ ಹಿಡಿದಿತ್ತು. 1988ರಲ್ಲಿ ದಿನಕ್ಕೆ 20 ಲಕ್ಷ ಪೀಪಾಯಿ ತೈಲ ಹರಿಸಿ, ಆಮೇಲೆ ಇಳಿಯುತ್ತ ಬಂತು. 2006ರ ಆಸ್ತಿ ತೆರಿಗೆಗೆ ಅದರ ಬೆಲೆ ಕಟ್ಟುವಾಗ ಜಗಳವಾಯಿತು. ನೂರು ಕೋಟಿ ಡಾಲರೂ ಆಗದು ಎಂದರು ಮಾಲೀಕ ತೈಲ ಕಂಪನಿಗಳು. ರಾಜ್ಯದ ಮೇಲ್ಮನವಿ ಮಂಡಳಿ 430 ಕೋಟಿ ಎಂದಿತು. ಪೈಪ್ ಹಾದುಹೋಗುವ ಸ್ಥಳೀಯ ಸಂಸ್ಥೆಗಳಿಗೆ ಅದೂ ಸಾಲಲಿಲ್ಲ. ಇಂಥದ್ದೇ ಪೈಪನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟಾಗುತ್ತದೆ, ಅದರಲ್ಲಿ ಸವೆದದ್ದೆಷ್ಟು ಎಂಬ ವಿಧಾನ ಹಿಡಿದು 2010ರಲ್ಲಿ ನ್ಯಾಯಾಲಯ ಸುಮಾರು 1,000 ಕೋಟಿ ಡಾಲರ್ ಎಂದಿತು. 2014ರಲ್ಲಿ ಅಲಾಸ್ಕಾದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದೇ ಪೈಪ್, ಒಂದೇ ವರ್ಷ, ಹತ್ತು ಪಟ್ಟಿನ ವ್ಯತ್ಯಾಸ. ಯಾರೂ ಲೆಕ್ಕ ತಪ್ಪಿರಲಿಲ್ಲ, ಪ್ರಶ್ನೆಯೇ ಬೇರೆಬೇರೆ ಇತ್ತು.

ನಮ್ಮಲ್ಲಿ ಈ ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಕೇಳುವವರು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯವರು. ಅನಿಲ ಸಾಗಿಸುವ ದರ ನಿಗದಿ ಮಾಡುವಾಗ ಅವರು ಪೈಪಿನ ಬಂಡವಾಳ, ನಡೆಸುವ ಖರ್ಚು, ಹರಿಯುವ ಪ್ರಮಾಣಗಳನ್ನು ಪೈಪಿನ ಆರ್ಥಿಕ ಆಯಸ್ಸಿನ ಉದ್ದಕ್ಕೂ ಹರಡಿ, ತೆರಿಗೆ ಕಳೆದು ಶೇ 12 ಪ್ರತಿಫಲ ಬರುವಂತೆ ದರ ಕಟ್ಟುತ್ತಾರೆ. ಯಾವ ವೆಚ್ಚವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದು ಮಂಡಳಿಯ ತೀರ್ಮಾನ. ಕಂಪನಿಯ ಪುಸ್ತಕದ ನಿವ್ವಳ ಅದಕ್ಕೆ ಕಟ್ಟುಪಾಡಲ್ಲ. ಆದ್ದರಿಂದ ಪೈಪ್‌ಲೈನ್ ಕಂಪನಿಯ ಮುಂದಿನ ಗಳಿಕೆಯನ್ನು ಅಂದಾಜು ಮಾಡುವವರು ನೆಟ್ ಬ್ಲಾಕ್‌ಗಿಂತ ಮಂಡಳಿಯ ದರದ ಆದೇಶವನ್ನು ಮೊದಲು ಓದುವುದು ಸರಿಯಾದ ಕ್ರಮ. ಹಲವು ಪುಟಗಳ ಒಣ ಓದು ಅದು, ಆದರೆ ಹಣ ಇರುವುದು ಅಲ್ಲಿ.

ಪೈಪ್ ಸತ್ತಮೇಲಿನ ಖರ್ಚಿನ ವಿಷಯ ಚಿಕ್ಕದು. ಕೊನೆಗೆ ಸ್ಥಳವನ್ನು ಮೊದಲಿನಂತೆ ಮಾಡಿಕೊಡುವ ಕಾನೂನಿನ ಹೊಣೆ ಇದ್ದರೆ ಅದರ ಅಂದಾಜು ವೆಚ್ಚವನ್ನು ಮೊದಲ ದಿನವೇ ಮೂಲಬೆಲೆಗೆ ಸೇರಿಸಿ, ಅಷ್ಟೇ ಮೊತ್ತವನ್ನು ಹೊಣೆಯ ಕಡೆಗೂ ಬರೆಯಬೇಕು. ಯಾವಾಗ ಮುಚ್ಚುತ್ತೇವೋ ಹೇಳಲಾಗದು ಎಂಬ ಕಾರಣ ಕೊಟ್ಟು ಅನೇಕ ಪೈಪ್‌ಲೈನ್ ಕಂಪನಿಗಳು, ಮುಖ್ಯವಾಗಿ ಅಮೆರಿಕದವು, ಈ ಮೊತ್ತವನ್ನು ಬರೆಯದೇ ಬಿಡುತ್ತವೆ.

ಕೊನೆಯದಾಗಿ, ಪೈಪ್ ಯಾರ ಪುಸ್ತಕದಲ್ಲಿದೆ ಎಂಬುದನ್ನೇ ಹುಡುಕಬೇಕಾಗಬಹುದು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ತರುವ ಸುಮಾರು 362 ಕಿಲೋಮೀಟರಿನ ಪೈಪ್ ಪೆಟ್ರೋನೆಟ್ ಎಂಎಚ್‌ಬಿ ಕಂಪನಿಯದು. ಅದರಲ್ಲಿ ಎಚ್‌ಪಿಸಿಎಲ್ ಮತ್ತು ಒಎನ್‌ಜಿಸಿ ಹೆಚ್ಚುಕಡಿಮೆ ಅರ್ಧರ್ಧ ಪಾಲುದಾರರು. ಎಚ್‌ಪಿಸಿಎಲ್‌ನ ಕ್ರೋಡೀಕೃತ (ಅಂಗಸಂಸ್ಥೆಗಳನ್ನೂ ಸೇರಿಸಿ ಬರೆದ) ಬ್ಯಾಲೆನ್ಸ್ ಶೀಟಿನ ಪಿಪಿಇ ಸಾಲಿನಲ್ಲಿ ಈ ಪೈಪ್ ಸಿಗುವುದಿಲ್ಲ. ಜಂಟಿ ಉದ್ಯಮವಾದ್ದರಿಂದ ಹೂಡಿಕೆಗಳ ಸಾಲಿನಲ್ಲಿ ಒಂದು ಮೊತ್ತವಾಗಿ ಅಡಗಿರುತ್ತದೆ. 2018ರ ಜನವರಿಯಲ್ಲಿ ಒಎನ್‌ಜಿಸಿ ಎಚ್‌ಪಿಸಿಎಲ್‌ನ ಶೇ 51.11 ಪಾಲನ್ನು ಕೇಂದ್ರ ಸರ್ಕಾರದಿಂದ ಕೊಂಡಿತು. ತನ್ನದರ್ಧ, ಎಚ್‌ಪಿಸಿಎಲ್‌ನ ಅರ್ಧ ಎರಡೂ ಸೇರಿ ಪೆಟ್ರೋನೆಟ್ ಎಂಎಚ್‌ಬಿ ಅದರ ಅಂಗಸಂಸ್ಥೆಯಾಯಿತು. ಹಾಗಾಗಿ ಒಎನ್‌ಜಿಸಿಯ ಕ್ರೋಡೀಕೃತ ಲೆಕ್ಕದಲ್ಲಿ ಇದೇ ಪೈಪ್ ಪೂರ್ತಿಯಾಗಿ ಪಿಪಿಇ ಸಾಲಿಗೆ ಸೇರುತ್ತದೆ. ಪ್ರತ್ಯೇಕ ಲೆಕ್ಕ, ಕ್ರೋಡೀಕೃತ ಲೆಕ್ಕ ಎರಡನ್ನೂ ತೆರೆದಿಟ್ಟುಕೊಂಡು, ಅಂಗಸಂಸ್ಥೆಗಳ ಮತ್ತು ಜಂಟಿ ಉದ್ಯಮಗಳ ಪಟ್ಟಿಯ ಪುಟಕ್ಕೆ ಒಂದು ಗುರುತುಚೀಟಿ ಸಿಕ್ಕಿಸಿಯೇ ಲೆಕ್ಕಕ್ಕೆ ಕೂರಬೇಕು.